ಸಲಾಮನ ಪಾಲಿನ ಮಣ್ಣು

ಥುಕ್ಬಾ, ಅಲ್ ಖೋಬರ್
8 ನವೆಂಬರ್ 2024

ಉಪ್ಪಾ,

ಅಸ್ಸಲಾಮು ಅಲೈಕುಂ. ಸಲಾಂ ಇಲ್ಲದೆಯೇ ಶುರು ಮಾಡಬೇಕೆಂದಿದ್ದೆ. ಉಮ್ಮ ಕಲಿಸಿದ ಅಭ್ಯಾಸ, ಕೈ ತಾನಾಗಿ ಬರೆಯಿತು.

ಈ ಕಾಲದಲ್ಲಿ ಯಾವ ಮಗಳಾದರೂ ತಂದೆಗೆ ಕಾಗದ ಬರೆಯುತ್ತಾಳಾ? ನಾನು ಬರೆಯಬೇಕಾಗಿ ಬಂದದ್ದು ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ದರಿಂದ. ವಾಟ್ಸಪ್‌ನಲ್ಲಿ ಒಂದು ಫೋಟೊ ಕಳಿಸುವುದು ಹೇಗೆಂದು ಎಷ್ಟು ಸಲ ತೋರಿಸಿಕೊಟ್ಟರೂ ತಲೆಗೆ ಹತ್ತದವರಿಗೆ ಮಗಳನ್ನು ಬ್ಲಾಕ್ ಮಾಡುವುದು ಮಾತ್ರ ಚೆನ್ನಾಗಿ ಬಂತು. ಯಾರು ಕಲಿಸಿದರೋ ಅವರಿಗೆ ಒಳ್ಳೆಯದಾಗಲಿ.

ಕಾಗದವನ್ನು ಝಿಯಾವುದ್ದೀನ್‌ಚ್ಚ ತರುತ್ತಾರೆ. ದಮ್ಮಾಮಿನಿಂದ ಅರಾರ್‌ಗೆ ತರಕಾರಿ ಲಾರಿ ಓಡಿಸುವ ಉಪ್ಪಳದವರು, ನೀವು ಕಾಯುವ ಗಡಿ ಯಾರ್ಡಿನಲ್ಲೇ ಚಹಾ ಕುಡಿಯುವವರು. ಅವರ ಕೈಯಿಂದ ತೆಗೆದುಕೊಳ್ಳುವುದಿಲ್ಲ ಎಂದರೆ ಎದುರು ನಿಂತು ಗಟ್ಟಿಯಾಗಿ ಓದಲು ಹೇಳಿದ್ದೇನೆ. ನಿಮ್ಮ ಯಾರ್ಡಿನ ಡ್ರೈವರ್‌ಗಳೆಲ್ಲ ಕೇಳಲಿ.

ವಿಷಯ ನಿಮಗೆ ಗೊತ್ತೇ ಇದೆ. ಫೋನಿನಲ್ಲಿ ಅರ್ಧ ಕೇಳಿ ಇಟ್ಟುಬಿಟ್ಟಿರಿ, ಈಗ ಪೂರ್ತಿ ಕೇಳಿ. ನಾನು ಸುಹೈಲ್‌ನನ್ನು ಮದುವೆಯಾಗುತ್ತೇನೆ. ಹೌದು, ನಿಮ್ಮ ಗೆಳೆಯ ರಝಾಕ್ ಅಂಕಲ್‌ನ ಮಗ ಸುಹೈಲ್. ‘ಗೆಳೆಯ’ ಎಂದು ಬರೆದದ್ದಕ್ಕೆ ನಿಮಗೆ ಸಿಟ್ಟು ಬರುತ್ತದೆಂದು ಗೊತ್ತು, ಬರಲಿ ಎಂದೇ ಬರೆದೆ. ಇಬ್ಬರೂ ಒಟ್ಟಿಗೆ ಟ್ರೇಲರ್ ಓಡಿಸಿದವರು, ಒಂದೇ ಬಟ್ಟಲಲ್ಲಿ ಅನ್ನ ತಿಂದವರು. ರಝಾಕ್ ಅಂಕಲ್‌ನ ಭುಜದ ಮೇಲೆ ಕೂತು ನಾನು ಖೋಬರ್‌ನ ಸಮುದ್ರ ನೋಡಿದ್ದು.

ನನಗೆ ಅಣ್ಣ ತಮ್ಮಂದಿರಿಲ್ಲ. ವಲಿ ಎಂದರೆ ನೀವೊಬ್ಬರೇ. ಸುಹೈಲ್‌ನ ಕೈ ಹಿಡಿದು ‘ನನ್ನ ಮಗಳನ್ನು ನಿನಗೆ ನಿಕಾಹ್ ಮಾಡಿಕೊಟ್ಟೆ’ ಎಂದು ಹೇಳಬೇಕಾದ ಬಾಯಿ ನಿಮ್ಮದು. ರಂಜಾನಿನ ನೋಂಬಿಗೆ ಮೊದಲು, ಫೆಬ್ರವರಿಯಲ್ಲಿ, ಇಲ್ಲೇ ಥುಕ್ಬಾದಲ್ಲಿ ಮಾಡೋಣವೆಂದು ಅವರ ಮನೆಯವರು ಹೇಳುತ್ತಿದ್ದಾರೆ.

ಬನ್ನಿ. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ನಿಮ್ಮ ಮಗಳು,
ನಸೀಬಾ


ಜದೀದಾ ಅರಾರ್, ಗಡಿ ಯಾರ್ಡು
2 ಡಿಸೆಂಬರ್ 2024

ನಸೀಬಾ,

ವಅಲೈಕುಮುಸ್ಸಲಾಂ. ನಿನ್ನ ಕಾಗದ ಸಿಕ್ಕಿತು. ಓದಿ ಹರಿದು ಬಿಸಾಡಿದೆ. ಆಮೇಲೆ ಹೆಕ್ಕಿ, ಜೋಡಿಸಿ ಇನ್ನೊಮ್ಮೆ ಓದಿದೆ. ಎರಡನೇ ಸಲ ಇನ್ನೂ ಹೆಚ್ಚು ಸಿಟ್ಟು ಬಂತು.

ನಾನು ವಿಟ್ಲದ ಶಾಲೆಯಲ್ಲಿ ಏಳನೇ ಕ್ಲಾಸು ಕಲಿತವನು. ನಿನ್ನ ಹಾಗೆ ಕುತ್ತಿ ಕುತ್ತಿ ಬರೆಯಲು ಬರುವುದಿಲ್ಲ. ನೇರ ಹೇಳುತ್ತೇನೆ. ಆಗುವುದಿಲ್ಲ.

ನೀನು ಗಡಿ ನೋಡಿದವಳಲ್ಲ. ಗೋಡೆ ಇರುತ್ತದೆ, ಬಾವುಟ ಇರುತ್ತದೆ ಎಂದುಕೊಂಡಿರುತ್ತೀಯ. ಇಲ್ಲಿರುವುದು ಒಂದು ಮಣ್ಣಿನ ದಿಬ್ಬ, ಆಮೇಲೆ ಬೇಲಿ, ಆಮೇಲೆ ಇನ್ನೊಂದು ಬೇಲಿ, ಅದರಾಚೆ ಇರಾಕು. ಆಚೆಯ ಮರಳಿಗೂ ಈಚೆಯ ಮರಳಿಗೂ ಏನೂ ವ್ಯತ್ಯಾಸವಿಲ್ಲ. ಗಾಳಿ ಎದ್ದರೆ ಆಚೆಯದ್ದು ಇಕಾಮಾ ಗಿಕಾಮಾ, ಯಾವ ಪರವಾನಗಿಯೂ ಇಲ್ಲದೆ ಈಚೆ ಬಂದು ನನ್ನ ಅನ್ನದ ಪಾತ್ರೆಯಲ್ಲಿ ಕೂರುತ್ತದೆ. ಡಿಸೆಂಬರಿನ ಚಳಿಗೆ ಬೆರಳು ಮಡಚಲಿಕ್ಕಾಗುವುದಿಲ್ಲ. ಟ್ರೇಲರ್‌ಗಳು ಸಾಲಾಗಿ ನಿಂತಿರುತ್ತವೆ, ಡ್ರೈವರ್‌ಗಳು ಗಾಡಿಯ ಹೊಟ್ಟೆಯಲ್ಲಿರುವ ಪೆಟ್ಟಿಗೆಯಿಂದ ಸ್ಟವ್ ತೆಗೆದು ಚಕ್ರದ ಮರೆಯಲ್ಲಿ ಅನ್ನ ಬೇಯಿಸುತ್ತಾರೆ. ನಾನು ಯಾರ್ಡು ಕಾಯುತ್ತೇನೆ, ಅವರಿಗೆ ಸಾರು ಮಾಡಿಕೊಡುತ್ತೇನೆ. ಇಷ್ಟೇ ನನ್ನ ಬದುಕು. ಇದಕ್ಕೆ ನನ್ನನ್ನು ತಂದವನು ನಿನ್ನ ರಝಾಕ್ ಅಂಕಲ್.

ಮರೆತಿದ್ದರೆ ನೆನಪು ಮಾಡುತ್ತೇನೆ. ಎರಡು ವರ್ಷದ ಹಿಂದೆ ಇದೇ ಗಡಿಗೆ ಸರಕು ತಂದಿದ್ದೆ. ತಪಾಸಣೆಯ ಶೆಡ್ಡಿನಲ್ಲಿ ಅಧಿಕಾರಿ ನನ್ನ ಅಡುಗೆ ಪೆಟ್ಟಿಗೆ ತೆರೆದ. ಮಸಾಲೆಯ ಬಾಟಲಿ ತೆರೆದ. ಒಂದು ಚಿಟಿಕೆ ಅಂಗೈಗೆ ಹಾಕಿ ಬೆರಳಲ್ಲಿ ಉರುಳಿಸಿ, ‘ಇದೇನು?’ ಎಂದ. ಗಸಗಸೆ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಕಾಳು, ಈ ದೇಶದಲ್ಲಿ ಅಮಲಿನ ಗಿಡದ ಬೀಜ. ಅವನನ್ನು ದೂರುವುದಿಲ್ಲ, ಅದು ಅವನ ಕೆಲಸ. ಲ್ಯಾಬಿನ ವರದಿ ಬರಬೇಕು, ಭಾಷೆ ಗೊತ್ತಿದ್ದವರು ಬರಬೇಕು, ಇದು ಸಾರಿಗೆ ಹಾಕುವುದು ಎಂದು ನಾಲ್ಕು ಜನ ಹೇಳಬೇಕು. ಅಷ್ಟು ದಿನ ಒಳಗೆ ಕೂತೆ. ಕೂತಿದ್ದಾಗಲೇ ನಿನ್ನ ಉಮ್ಮ ಹೋದಳು. ಎದೆ ನೋವು ಎಂದಳಂತೆ, ಆಸ್ಪತ್ರೆಗೆ ಹೋದಳಂತೆ, ಹೋದಳಂತೆ. ನನ್ನ ಹೆಂಡತಿಯ ಸಾವು ನನಗೆ ಬರೀ ‘ಅಂತೆ’.

ಆ ಬಾಟಲಿ ಯಾರ ಮನೆಯದ್ದು? ರಝಾಕನ ಹೆಂಡತಿ ರುಕಯ್ಯಾಳ ಮನೆಯದ್ದು. ಅವಳ ಮಸಾಲೆ, ಅವಳ ಬಾಟಲಿ. ಆ ಮನೆಯ ಮಗನ ಕೈ ನಾನು ಹಿಡಿಯಬೇಕಾ? ಥುಕ್ಬಾದಲ್ಲಿ ಬೇರೆ ಗಂಡು ಸಿಗಲಿಲ್ಲವಾ ನಿನಗೆ?

ಮತ್ತೆ, ನನಗೆ ರಜೆಯೂ ಸಿಗುವುದಿಲ್ಲ.

ಅಬ್ದುಲ್ ಸಲಾಂ


ಥುಕ್ಬಾ
3 ಜನವರಿ 2025

ಉಪ್ಪಾ,

ಮಗಳಿಗೆ ಬರೆದ ಕಾಗದದ ಕೆಳಗೆ ಅಬ್ದುಲ್ ಸಲಾಂ ಎಂದು ಸಹಿ ಹಾಕಿದ್ದೀರಿ. ಗೇಟ್ ಪಾಸಿಗೆ ಹಾಕಿದ ಹಾಗಿದೆ. ಸರಿ.

ಮೊದಲು ರಜೆಯ ಮಾತು. ಝಿಯಾವುದ್ದೀನ್‌ಚ್ಚನ ಹತ್ತಿರ ಕೇಳಿದೆ. ಅವರು ನಕ್ಕರು. “ಸಲಾಂಚ್ಚ ರಜೆ ಕೇಳಿದ್ದೇ ಇಲ್ಲ ಮಾರಾಯ್ತಿ. ಮುದೀರ್ ನನ್ನತ್ರ ಕೇಳ್ತಾನೆ, ಇವರಿಗೆ ಮನೆಗಿನೆ ಎಂತ ಇಲ್ವಾ ಅಂತ” ಎಂದರು. ಮನೆ ಇಲ್ಲವೆಂದು ಸಂಬಳ ಕೊಡುವ ನಿಮ್ಮ ಮುದೀರನಿಗೇ ಅನಿಸಿದ್ದರೆ ನನಗೆ ಅನಿಸುವುದು ದೊಡ್ಡದಲ್ಲ.

ಈಗ ಬಾಟಲಿಯ ಮಾತು. ಇಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ, ಒಳಗೆ ಕೂತು ಬಂದ ಮನುಷ್ಯ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಎಂದು. ನೀವು ಆ ಮೌನವನ್ನು ಒಪ್ಪಿಗೆ ಎಂದುಕೊಂಡಿರಿ. ಆ ದಿನ ನಾನು ರುಕಯ್ಯಾಂಟಿಯ ಅಡುಗೆಮನೆಯಲ್ಲೇ ಇದ್ದೆ ಉಪ್ಪಾ. ನೀವು ಮರೆತ ಹಾಗೆ ನಟಿಸುತ್ತಿರುವುದು ಇದನ್ನೇ.

ರುಕಯ್ಯಾಂಟಿಯ ತಾಯಿ ಊರಿನಿಂದ ಯಾರದ್ದೋ ಕೈಯಲ್ಲಿ ಕಳಿಸಿದ ಪೊಟ್ಟಣದಲ್ಲಿ ಒಣಮೀನಿನ ಕೆಳಗೆ ಗಸಗಸೆ ಇತ್ತು. ಮುದುಕಿಗೆ ಏನು ಗೊತ್ತು. ಆಂಟಿ ಹೆದರಿ, ಟಾಯ್ಲೆಟಿಗೆ ಸುರಿಯಲು ಹೊರಟವರು. ನೀವು ತಡೆದಿರಿ. ನಿಮ್ಮ ಮಾತು ನನಗೆ ಕಿವಿಯಲ್ಲೇ ಇದೆ. “ಎಂತಕ್ಕೆ ಬಿಸಾಡುದು? ಇದು ಹಾಕದಿದ್ರೆ ಸಾರು ನೀರು ನೀರು. ದಾರಿಯಲ್ಲಿ ನಾನು ತಿನ್ನುದು ಮನುಷ್ಯರು ತಿನ್ನುವ ಊಟವಾ? ಹಾಕು ಒಂದು ಹಿಡಿ, ಮಸಾಲೆಯಲ್ಲಿ ಯಾರು ಹುಡುಕ್ತಾರೆ.” ಆಂಟಿ “ಬೇಡ ಸಲಾಂಚ್ಚ, ಹಿಡಿದ್ರೆ ಬಿಡುದಿಲ್ಲ ಇಲ್ಲಿ” ಎಂದರು. ಉಮ್ಮ ಕೂಡ ಬೇಡ ಎಂದರು. ನೀವು ನಿಮ್ಮ ಕೈಯಲ್ಲೇ ಹಿಡಿ ತುಂಬಿ, ನಿಮ್ಮ ದಾರಿಗೆಂದು ಆಂಟಿ ಮಾಡಿಟ್ಟ ಮಸಾಲೆಯ ಬಾಟಲಿಗೆ ಹಾಕಿ, ಕುಲುಕಿ, ಮುಚ್ಚಳ ಹಾಕಿದಿರಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎರಡು ವರ್ಷದಿಂದ ನೀವು ಬರೆ ಹಾಕುತ್ತಿರುವುದು ಆ ಮನೆಗೆ. ರಝಾಕ್ ಅಂಕಲ್ ನಿಮಗಾಗಿ ಅರಾರ್‌ವರೆಗೆ ಗಾಡಿ ಓಡಿಸಿಕೊಂಡು ಬಂದರು, ಅದು ಸಾರಿನ ಕಾಳು ಎಂದು ಹೇಳಿದ ನಾಲ್ಕು ಜನರಲ್ಲಿ ಮೊದಲನೆಯವರು ಅವರೇ. ಆದರೆ ನೀವು ಹೊರಗೆ ಬಂದು ಅವರ ಮುಖ ನೋಡಲೂ ಒಪ್ಪಲಿಲ್ಲ. ಅವರು ಈವರೆಗೆ ನನ್ನ ಹತ್ತಿರ ಆ ಬಾಟಲಿಯ ಸುದ್ದಿ ಎತ್ತಿದ್ದಿಲ್ಲ. ಕೇಳಿದವರಿಗೆಲ್ಲ ‘ನಮ್ಮ ಮನೆಯಿಂದಲೇ ತಪ್ಪಾಯಿತು’ ಎನ್ನುತ್ತಾರೆ. ನನಗೆ ಅದಕ್ಕೂ ಸಿಟ್ಟು. ಆ ಮನುಷ್ಯ ಒಳ್ಳೆಯವನಾದಷ್ಟೂ ನೀವು ಸಣ್ಣವರಾಗಿ ಕಾಣುತ್ತೀರಿ, ಅದನ್ನು ನೋಡುವುದು ಯಾವ ಮಗಳಿಗೂ ಸುಖವಲ್ಲ.

ಕೊನೆಗೆ ಒಂದು ಮಾತು. ಇಲ್ಲಿನ ನಮ್ಮ ಉಸ್ತಾದರನ್ನು ಕೇಳಿದೆ. ವಲಿ ಎರಡು ದಿನದ ಪ್ರಯಾಣದಷ್ಟು ದೂರ ಇದ್ದುಬಿಟ್ಟರೆ ಅವನಿಗಾಗಿ ಕಾಯಬೇಕಿಲ್ಲವಂತೆ, ಕಾಝಿಯೇ ನಿಂತು ಹೆಣ್ಣನ್ನು ಕೊಡಬಹುದಂತೆ. ಅದು ಒಂಟೆಯ ಕಾಲದ ಲೆಕ್ಕ. ನಿಮ್ಮ ಗಡಿ ಅದನ್ನು ಎಷ್ಟೋ ಸಲ ದಾಟುತ್ತದೆ. ನೀವು ಹುಡುಕಿ ಹುಡುಕಿ ಹೋಗಿ ಕೂತ ಜಾಗ ನನಗೆ ಉಪಕಾರಕ್ಕೇ ಬಂತು.

ಫೆಬ್ರವರಿ 21, ಶುಕ್ರವಾರ, ಸಂಜೆ ಅಸರ್ ನಮಾಝಿನ ನಂತರ. ನೀವು ಬಂದರೆ ನೀವು. ಬಾರದಿದ್ದರೆ ಕಾಝಿ.

ನಸೀಬಾ


ಜದೀದಾ ಅರಾರ್
30 ಜನವರಿ 2025

ನಸೀಬಾ,

ಕಾಝಿಯಂತೆ. ನಾನು ಸತ್ತಿದ್ದೇನಾ? ತಂದೆ ಮೈಯಲ್ಲಿ ಉಸಿರಿಟ್ಟುಕೊಂಡು ಇದೇ ದೇಶದಲ್ಲಿ ಓಡಾಡುತ್ತಿರುವಾಗ ನನ್ನ ಮಗಳನ್ನು ದಿಕ್ಕಿಲ್ಲದವಳ ಹಾಗೆ ಕಾಝಿ ಕೊಡುವುದಾ? ವಿಟ್ಲದಲ್ಲಿ ಕೇಳಿದವರು ಏನೆಂದುಕೊಂಡಾರು?

ನಿನ್ನ ಕಾಗದದ ನಡುವಿನ ಪುಟದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಓದಿದ್ದೇನೆ. ಆ ದಿನ ಯಾರ್ಡಿನಲ್ಲಿ ಸಾರಿಗೆ ಉಪ್ಪು ಹಾಕಲು ಮರೆತೆ. ಒಬ್ಬ ಡ್ರೈವರ್ ‘ಎಂತ ಸಲಾಂಚ್ಚ, ಬಿಪಿಯಾ?’ ಎಂದು ಕೇಳಿದ್ದಕ್ಕೆ ಅವನ ತಟ್ಟೆ ಕಿತ್ತುಕೊಂಡೆ. ಆಮೇಲೆ ಕೊಟ್ಟೆ.

ನಿನಗೆ ಬೇಕಾದದ್ದು ವಲಿಯ ಮಾತು ತಾನೇ. ತೆಗೆದುಕೋ. ನಿನ್ನೆ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ಝಿಯಾವುದ್ದೀನ್‌ಗೆ ವಕಾಲತ್ ಕೊಟ್ಟಿದ್ದೇನೆ. ನನ್ನ ಮಗಳ ನಿಕಾಹಿಗೆ ನನ್ನ ಬದಲು ಅವನು ಕೂರಲಿ, ನನ್ನ ಬದಲು ಅವನು ಕೈ ಹಿಡಿಯಲಿ. ಶರೀಅತಿನಲ್ಲಿ ಸರಿಯಾಗಿದೆ, ನಿನ್ನ ಉಸ್ತಾದರನ್ನೇ ಕೇಳು. ನಿನ್ನ ಹಠವೂ ಉಳಿಯಿತು, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ನಾನು ಆಡಿದ ಮಾತೂ ಉಳಿಯಿತು. ಇನ್ನು ಕಾಗದ ಬರೆಯಬೇಡ.

ಝಿಯಾವುದ್ದೀನ್‌ನ ಕೈಯಲ್ಲಿ ಒಂದು ಚೀಲ ಇದೆ. ಮಳೆ ಗುಡುಗು ಬಂದ ಮೇಲೆ ಇಲ್ಲಿ ಮರಳಿನಡಿ ಒಂದು ಅಣಬೆ ಹುಟ್ಟುತ್ತದೆ, ಇಲ್ಲಿನವರು ಫಗಾ ಎನ್ನುತ್ತಾರೆ. ನೆಲ ಸ್ವಲ್ಪ ಉಬ್ಬಿ ಬಿರಿದಲ್ಲಿ ಕೆದಕಬೇಕು. ನಮ್ಮ ಊರಿನ ಕಲ್ಲಣಬೆಯ ಹಾಗೆಯೇ. ನಿನ್ನ ಉಮ್ಮನಿಗೆ ಕಲ್ಲಣಬೆ ಎಂದರೆ ಜೀವ. ನಾನೇ ಹೆಕ್ಕಿದ್ದು. ಸಿಟ್ಟು ನಿನ್ನ ಮೇಲೆ, ಅಣಬೆಯ ಮೇಲಲ್ಲ. ಮರಳು ಹೋಗುವವರೆಗೆ ತೊಳೆ.

ಉಪ್ಪ


ಥುಕ್ಬಾ
7 ಫೆಬ್ರವರಿ 2025

ಉಪ್ಪಾ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಸಹಿಯಲ್ಲಿ ಉಪ್ಪ ಎಂದು ಬರೆದವರಿಗೆ ಮಗಳ ಕಾಗದ ಓದುವ ಕರ್ಮ ತಪ್ಪುವುದಿಲ್ಲ.

ಅಣಬೆ ಬಂತು. ರುಕಯ್ಯಾಂಟಿಯ ಮನೆಗೆ ಕೊಂಡುಹೋದೆ. ತೆಂಗಿನಕಾಯಿ ಅರೆದು ಸುಕ್ಕ ಮಾಡಿದರು. ರಝಾಕ್ ಅಂಕಲ್ ಎರಡು ಸಲ ಬಡಿಸಿಕೊಂಡು ತಿಂದರು. ಯಾರು ಕಳಿಸಿದ್ದು ಎಂದು ಅವರಿಗೆ ಗೊತ್ತಿತ್ತು, ಉಳಿದದ್ದನ್ನು ರಾತ್ರಿಗೆ ಎತ್ತಿಡಲು ಹೇಳಿದರು. ನಿಮ್ಮ ಮರುಭೂಮಿಯ ಅಣಬೆ ಅವರ ಹೊಟ್ಟೆಗೆ ಹೋದದ್ದು ಸಹಿಸಲಾಗದಿದ್ದರೆ ಬಂದು ಕಕ್ಕಿಸಿ.

ನಿಮ್ಮ ವಕಾಲತ್ ನನಗೆ ಬೇಡ. ಝಿಯಾವುದ್ದೀನ್‌ಚ್ಚನಿಗೂ ಹೇಳಿದೆ. “ಅಬ್ಬಾ, ಬಚಾವ್. ತರಕಾರಿ ಸಾಗಿಸ್ಲಿಕ್ಕೆ ಬಂದವ ನಾನು, ಹೆಣ್ಣು ಕೊಡ್ಲಿಕ್ಕೆ ಅಲ್ಲ” ಎಂದರು. ಶರೀಅತಿನಲ್ಲಿ ಸರಿ ಎಂದು ಉಸ್ತಾದರೂ ಹೇಳಿದರು. ಸರಿ ಇರಬಹುದು. ನನಗೆ ಬೇಕಾದದ್ದು ನೀವು. ನಿಮ್ಮ ಒಪ್ಪಿಗೆಯನ್ನು ಲಾರಿಯಲ್ಲಿ ಟೊಮೆಟೊ ಕ್ರೇಟಿನ ಜೊತೆ ಕಳಿಸಿದರೆ ಅದನ್ನು ಇಳಿಸಿಕೊಳ್ಳಲು ನಾನು ಅಂಗಡಿಯವಳಲ್ಲ. ಕಾಝಿಯ ಮಾತೂ ಬಿಟ್ಟೆ. ಅದು ನಿಮ್ಮನ್ನು ಚುಚ್ಚಲು ಬರೆದದ್ದು. 21ರಂದು ನೀವು ಬಾರದಿದ್ದರೆ ನಿಕಾಹ್ ಇಲ್ಲ. ಮುಂದಿನ ವರ್ಷವೂ ಇಲ್ಲ. ಸುಹೈಲ್‌ಗೆ ಹೇಳಿದ್ದೇನೆ, ಕಾಯುವುದಾದರೆ ಕಾಯಿ, ಇಲ್ಲದಿದ್ದರೆ ಬೇರೆ ಹುಡುಗಿ ನೋಡು ಎಂದು. ಅವನು ಕಾಯುತ್ತೇನೆ ಎಂದ. ಅವನ ಮೇಲೂ ಸಿಟ್ಟು ಬಂತು, ಈ ಮನೆಯವರೆಲ್ಲ ಯಾಕೆ ಹೀಗೆ ಎಂದು.

ಉಪ್ಪಾ, ಇನ್ನೊಂದು ಮಾತಿದೆ. ಇದನ್ನು ಸುಹೈಲ್ ನನಗೆ ಹೇಳಿದ್ದು ಹೋದ ವಾರ, ನಿಮ್ಮ ವಕಾಲತ್ತಿನ ಸುದ್ದಿ ಕೇಳಿ ನಾನು ಅವರ ಮನೆಯಲ್ಲಿ ಕೂಗಾಡಿದ ದಿನ.

ಉಮ್ಮನನ್ನು ಮಣ್ಣು ಮಾಡಿದ ದಿನ ನಾನು ಮನೆಯಲ್ಲಿದ್ದೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಇಲ್ಲಿನ ಕಬರ್‌ಸ್ತಾನದಲ್ಲಿ ಹೆಸರು ಬರೆಯುವುದಿಲ್ಲ, ತಲೆಯ ಹತ್ತಿರ ಒಂದು ಕಲ್ಲು ಅಷ್ಟೇ, ಎಲ್ಲ ಕಲ್ಲೂ ಒಂದೇ ತರ. ನನ್ನ ಉಮ್ಮ ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಈ ಭೂಮಿಯ ಮೇಲೆ ಅದು ಗೊತ್ತಿರುವುದು ಇಬ್ಬರಿಗೆ, ರಝಾಕ್ ಅಂಕಲ್‌ಗೆ ಮತ್ತು ಸುಹೈಲ್‌ಗೆ. ಕಬರಿನೊಳಗೆ ಇಳಿದು ಉಮ್ಮನನ್ನು ಕೈಯಲ್ಲಿ ಇಳಿಸಿಕೊಂಡವನು ಸುಹೈಲ್. ನೀವು ಹಿಡಿಯುವುದಿಲ್ಲ ಎನ್ನುತ್ತಿರುವುದು ಆ ಕೈಯನ್ನು.

ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರಂತೆ. ರಝಾಕ್ ಅಂಕಲ್ ಕೊನೆಗೆ ಹಾಕಿದರಂತೆ. ಮೂರು ಹಿಡಿ ಹಾಕಿ ಎಲ್ಲರೂ ಹೊರಟ ಮೇಲೆ ಮತ್ತೆ ಬಗ್ಗಿದರಂತೆ. ಸುಹೈಲ್ “ಆಯ್ತಲ್ಲ ಉಪ್ಪಾ, ನಿಮ್ದು” ಎಂದದ್ದಕ್ಕೆ “ಇದು ಸಲಾಮನ ಪಾಲಿಂದು” ಎಂದು ಹೇಳಿ ಇನ್ನೂ ಮೂರು ಹಿಡಿ ಹಾಕಿದರಂತೆ.

ಮಣ್ಣು ಹಾಕಲು ನಿಮಗೆ ವಕೀಲರು ಸಿಕ್ಕಿದರು. ನೀವು ಕೇಳದೆಯೇ ಸಿಕ್ಕಿದರು. ನನ್ನ ನಿಕಾಹಿಗೆ ವಕೀಲರು ಬೇಡ.

ನಿಮ್ಮ ನಸೀಬಾ


ಜದೀದಾ ಅರಾರ್
15 ಫೆಬ್ರವರಿ 2025

ರಝಾಕ್,

ಸಲಾಂ. ಈ ಕಾಗದ ನಸೀಬಾಳಿಗೆ ತೋರಿಸಬೇಡ. ಅವಳಿಗೆ ಬೇರೆ ಹೇಳಿ ಕಳಿಸಿದ್ದೇನೆ, ಬರುತ್ತೇನೆ ಎಂದು ಅಷ್ಟೇ. ಅವಳ ನಂಬರಿಗೆ ಹಾಕಿದ ಬ್ಲಾಕ್ ತೆಗೆಯಲು ನೋಡಿದೆ, ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ. ಹಾಕಿಕೊಟ್ಟ ಹುಡುಗ ಟ್ರಿಪ್ಪಿಗೆ ಹೋಗಿದ್ದಾನೆ.

ಮುದೀರನ ಹತ್ತಿರ ರಜೆ ಕೇಳಿದೆ. ಒಂದು ಮಾತೂ ಆಡದೆ ಕೊಟ್ಟುಬಿಟ್ಟ. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಮೇಲೆ ನನಗೆ ಸಿಟ್ಟು ಇಳಿದಿಲ್ಲ, ಅದನ್ನು ಮೊದಲು ತಿಳಿದುಕೋ. ಬಾಟಲಿಯ ವಿಷಯ ನೀನು ಎತ್ತಬೇಡ, ನಾನೂ ಎತ್ತುವುದಿಲ್ಲ. ‘ನಮ್ಮ ಮನೆಯಿಂದ ತಪ್ಪಾಯಿತು’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೀಯಂತೆ. ಇನ್ನು ಹೇಳಬೇಡ. ಕೇಳಿದವರಿಗೆ ನಾನು ಹೇಳಿಕೊಳ್ಳುತ್ತೇನೆ.

ನನ್ನ ಶಮೀಮಾಳ ಮೇಲೆ ನೀನು ನನ್ನ ಪಾಲಿನ ಮಣ್ಣು ಹಾಕಿದ್ದೀಯಂತೆ. ಹಾಕು ಎಂದು ನಾನು ಹೇಳಿದ್ದೆನಾ? ಇಲ್ಲಿ ದಿನಾ ಗಾಳಿಗೆ ಹಾರುವ ಮಣ್ಣು ಬಾಯಿಗೆ ಬರುತ್ತದೆ, ಗೊತ್ತಾದಾಗಿನಿಂದ ಅದನ್ನು ತುಪ್ಪಲೂ ಆಗುತ್ತಿಲ್ಲ. ಎರಡು ವರ್ಷ ನಾನು ಒಬ್ಬನೇ ಕೂತು ಲೆಕ್ಕ ಹಾಕಿದ್ದು ಏನೆಂದರೆ, ಅವಳಿಗೆ ನನ್ನಿಂದ ಒಂದು ಹಿಡಿಯೂ ಬೀಳಲಿಲ್ಲ ಎಂದು. ಬಿದ್ದಿತ್ತು. ನೀನು ಹೇಳಲೇ ಇಲ್ಲ. ಹೇಳಲು ಬಂದಿದ್ದೆ ಎನ್ನುತ್ತೀಯ. ನೀನು ಬಂದಿದ್ದೆ, ಹೌದು. ಮುಖ ತಿರುಗಿಸಿದ್ದು ನಾನು.

ಝಿಯಾವುದ್ದೀನ್‌ನ ಲಾರಿಯಲ್ಲಿ ಗುರುವಾರ ಸಂಜೆ ತಲುಪುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ನನ್ನ ಮಗಳ ಮನೆಯಲ್ಲಿ ಮಲಗುತ್ತೇನೆ. ಅವಳು ಬಾಗಿಲು ತೆರೆದರೆ.

ಶುಕ್ರವಾರ ಬೆಳಗಿನ ನಮಾಝ್ ಆದ ಕೂಡಲೇ ನೀನು ಗಾಡಿ ತೆಗೆದುಕೊಂಡು ಬಾ. ಸುಹೈಲ್‌ನೂ ಇರಲಿ. ದಾರಿಯಲ್ಲಿ ಮಾತು ಬೇಡ. ಕಬರ್‌ಸ್ತಾನಕ್ಕೆ ಹೋಗಿ ಶಮೀಮಾ ಎಲ್ಲಿದ್ದಾಳೆಂದು ತೋರಿಸು. ಸರಿಯಾಗಿ ನೋಡಿ ತೋರಿಸು, ಪಕ್ಕದ ಕಲ್ಲನ್ನು ತೋರಿಸಿದರೆ ನಿನ್ನನ್ನು ಬಿಡುವುದಿಲ್ಲ. ತೋರಿಸಿದ ಮೇಲೆ ನೀನು ದೂರ ಹೋಗಿ ನಿಲ್ಲು, ನಾನು ಏನು ಮಾಡಿದರೂ ಹತ್ತಿರ ಬರಬೇಡ. ಸುಹೈಲ್ ಮಾತ್ರ ನನ್ನ ಜೊತೆ ನಿಲ್ಲಲಿ.

ಅಸರ್ ಆದ ಮೇಲೆ ನಿನ್ನ ಮಗನ ಕೈ ಹಿಡಿಯುತ್ತೇನೆ. ಹೇಳಬೇಕಾದ ಮಾತು ಈಗಿನಿಂದಲೇ ಬಾಯಿಪಾಠ ಮಾಡುತ್ತಿದ್ದೇನೆ, ಯಾರ್ಡಿನ ಡ್ರೈವರ್‌ಗಳು ನಗುತ್ತಿದ್ದಾರೆ. ಆ ಮಾತನ್ನು ನಸೀಬಾಳ ಉಮ್ಮನ ಹತ್ತಿರ ಒಂದು ಸಲ ಹೇಳಿ ಒಪ್ಪಿಗೆ ಕೇಳದೆ ಸಭೆಯಲ್ಲಿ ಹೇಗೆ ಹೇಳಲಿ ನಾನು?

ಸಲಾಂ